ಮನೆ ಹೊಲಿಗೆಗೆ ಯಾವ ಓವರ್‌ಲಾಕ್ ಮಷಿನ್? ಆಯ್ಕೆ, ಕಲಿಕೆ, ಆರೈಕೆ

ಬಟ್ಟೆಯ ಅಂಚನ್ನು ಕತ್ತರಿಸುತ್ತಲೇ ದಾರದಿಂದ ಹೆಣೆದು ಕಟ್ಟುವ ಓವರ್‌ಲಾಕ್ ಮಷಿನ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು, ಇದು ಎಷ್ಟು ಬಗೆಯ ಹೊಲಿಗೆ ಹಾಕುತ್ತದೆ ಎಂದು. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಎರಡಿವೆ. ಕೆಳ ಲೂಪರಿನ (ಸೂಜಿಯ ದಾರಕ್ಕೆ ತನ್ನ ದಾರ ಹೆಣೆಯುವ ತೋಳು) ದಾರ ಕಡಿದಾಗ ಒಬ್ಬರೇ ಕೂತು ಮತ್ತೆ ಪೋಣಿಸಲು ಆಗುತ್ತದೆಯೇ? ಕೆಳಗಿನ ಚಾಕು ಮೊಂಡಾದಾಗ ಬಿಚ್ಚಿ ಹೊಸದು ಹಾಕಲು ಬರುತ್ತದೆಯೇ, ಆ ಚಾಕು ಬಿಡಿಯಾಗಿ ಸಿಗುತ್ತದೆಯೇ? ಇಪ್ಪತ್ತು ಬಗೆ ಹೊಲಿಗೆಯ ಮಷಿನ್ ಆದರೂ ಈ ಎರಡು ಕೆಲಸ ಕೈಗೆ ಹತ್ತದಿದ್ದರೆ ಮುಸುಕು ಹಾಕಿಸಿಕೊಂಡು ಮೂಲೆ ಸೇರುತ್ತದೆ. ನಾಲ್ಕೇ ಬಗೆಯದಾದರೂ ಇವೆರಡು ಸಲೀಸಾಗಿದ್ದರೆ ವರ್ಷಗಟ್ಟಲೆ ದುಡಿಯುತ್ತದೆ. ಮುಂದಿನ ಹೋಲಿಕೆಗೆಲ್ಲ ಇದೇ ಅಳತೆಗೋಲು.

ಮೊದಲಿಗೆ, ಓವರ್‌ಲಾಕ್ ಬೇಕೇ?

ಮಾಮೂಲಿ ಹೊಲಿಗೆ ಯಂತ್ರದಲ್ಲಿ ಮೇಲೊಂದು ದಾರ, ಕೆಳಗೆ ಬಾಬಿನ್. ಓವರ್‌ಲಾಕಿನಲ್ಲಿ ಬಾಬಿನ್ನೇ ಇಲ್ಲ. ಒಂದು ಅಥವಾ ಎರಡು ಸೂಜಿಯ ದಾರವನ್ನು ಮೇಲಿನ ಮತ್ತು ಕೆಳಗಿನ ಲೂಪರುಗಳ ದಾರ ಬಟ್ಟೆಯ ಅಂಚಿನ ಸುತ್ತ ಹೆಣೆಯುತ್ತವೆ. ಸೂಜಿಗೆ ಸ್ವಲ್ಪ ಮುಂದೆಯೇ ಎರಡು ಚಾಕುಗಳು ಕತ್ತರಿಯಂತೆ ಕೆಲಸ ಮಾಡಿ ಅಂಚನ್ನು ಒಪ್ಪವಾಗಿ ಕತ್ತರಿಸಿರುತ್ತವೆ. ಹೊಲಿಗೆ ಹಿಗ್ಗುತ್ತದೆ, ಎಳೆ ಬಿಡುವುದಿಲ್ಲ. ಆದರೆ ಜಿಪ್ ಕೂರಿಸುವುದು, ಗುಂಡಿ ಮನೆ, ಜೇಬು, ಮೇಲ್ಹೊಲಿಗೆ ಯಾವುದೂ ಇದರಿಂದ ಆಗದು. ಇದು ಹೊಲಿಗೆ ಯಂತ್ರಕ್ಕೆ ಜೊತೆ, ಬದಲಿ ಅಲ್ಲ.

ತಿಂಗಳಿಗೆ ಒಂದೆರಡು ಬಟ್ಟೆ, ಅದೂ ನೇಯ್ದ ಹತ್ತಿ ಬಟ್ಟೆ ಹೊಲಿಯುವವರಿಗೆ ಜಿಗ್‌ಜ್ಯಾಗ್ ಹೊಲಿಗೆ ಮತ್ತು ಅಂಚು ಕಟ್ಟುವ ಓವರ್‌ಕಾಸ್ಟ್ ಫುಟ್ ಸಾಕು. ಅಗಲ 5 ಮಿ.ಮೀ., ಉದ್ದ 2ರಿಂದ 2.5 ಮಿ.ಮೀ. ಇಟ್ಟು, ಸೂಜಿ ಬಲಕ್ಕೆ ಹೋದಾಗ ಬಟ್ಟೆಯ ಅಂಚಿನಿಂದ ಕೂದಲೆಳೆಯಷ್ಟು ಹೊರಗೆ ಬೀಳುವಂತೆ ನಡೆಸಬೇಕು. ಈ ಫುಟ್ಟಿನ ನಡುವೆ ಸಣ್ಣ ತಂತಿಯೊಂದಿದೆ. ಅಗಲವನ್ನು 5ಕ್ಕಿಂತ ಕಡಿಮೆ ಇಟ್ಟರೆ ಸೂಜಿ ಅದಕ್ಕೆ ಬಡಿದು ಮುರಿಯುತ್ತದೆ. ಹಾಗಾಗಿ ಮೊದಲ ಕೆಲವು ಹೊಲಿಗೆಗಳನ್ನು ಚಕ್ರವನ್ನು ಕೈಯಲ್ಲೇ ತಿರುಗಿಸಿ ನೋಡಿ.

ಮಾಮೂಲಿ ಯಂತ್ರಕ್ಕೇ ಸಿಕ್ಕಿಸುವ ಸೈಡ್ ಕಟರ್ ಎಂಬ ಜೋಡಣೆಯೂ ಇದೆ. ಅದರ ತೋಳು ಸೂಜಿ ತಿರುಪಿನ ಮೇಲೆ ಕೂತು, ಸೂಜಿ ಏರಿಳಿದಂತೆ ಚಾಕುವನ್ನು ಆಡಿಸುತ್ತದೆ. ಮಧ್ಯಮ ದಪ್ಪದ ಹತ್ತಿ ಬಟ್ಟೆಗೆ ಪರವಾಗಿಲ್ಲ. ಜೀನ್ಸ್ ಬಟ್ಟೆಯ ಮಡಿಕೆ ಬಂದಾಗ ತಡವರಿಸುತ್ತದೆ, ಹೊಸೈರಿಯನ್ನು (ಟಿ-ಶರ್ಟಿನಂಥ ಹಿಗ್ಗುವ ಬಟ್ಟೆ) ಜಗಿಯುತ್ತದೆ. ಇದನ್ನು ಓವರ್‌ಲಾಕಿನ ಅಗ್ಗದ ರೂಪ ಎಂದುಕೊಂಡು ಕೊಂಡರೆ ನಿರಾಸೆ ಖಂಡಿತ.

ಟಿ-ಶರ್ಟು, ಮಕ್ಕಳ ಬಟ್ಟೆ, ಒಳ ಉಡುಪಿನಂತಹ ಹಿಗ್ಗುವ ಬಟ್ಟೆಗಳನ್ನು ಹೊಲಿಯುವವರಿಗೆ, ಇಲ್ಲವೇ ವಾರಕ್ಕೆ ಮೂರ್ನಾಲ್ಕು ಬಟ್ಟೆ ಮುಗಿಸುವವರಿಗೆ ಓವರ್‌ಲಾಕ್ ನಿಜಕ್ಕೂ ಬೇಕು.

ಎರಡು, ಮೂರು, ನಾಲ್ಕು, ಐದು ದಾರ

ಮಷಿನ್ನಿನ ವಿವರಪಟ್ಟಿಯಲ್ಲಿ 503, 504, 514, 516 ಎಂಬ ಅಂಕಿಗಳು ಕಾಣುತ್ತವೆ. ಅವು ಹೊಲಿಗೆಯ ಅಂತರರಾಷ್ಟ್ರೀಯ ಸಂಕೇತಗಳು. 503 ಎಂದರೆ ಎರಡು ದಾರ, 504 ಮೂರು, 514 ನಾಲ್ಕು. 516 ಎಂದರೆ ಮೂರು ದಾರದ ಓವರ್‌ಲಾಕ್ ಮತ್ತು ಪಕ್ಕದಲ್ಲೇ ಎರಡು ದಾರದ ಸರಪಳಿ ಹೊಲಿಗೆ, ಒಟ್ಟು ಐದು.

ಮೂರು ದಾರದ ಹೊಲಿಗೆ ಅಂಚು ಕಟ್ಟಲು ಚೆನ್ನ. ಆದರೆ ಎರಡು ತುಂಡುಗಳನ್ನು ಕೂಡಿಸಿ ಜೋರಾಗಿ ಎಳೆದರೆ ಸಂದಿಯಲ್ಲಿ ಏಣಿಯ ಮೆಟ್ಟಿಲಿನಂತೆ ದಾರ ಇಣುಕುತ್ತದೆ. ನಾಲ್ಕು ದಾರದಲ್ಲಿ ಎರಡನೆಯ ಸೂಜಿ ಒಳಗೊಂದು ಕಾವಲು ಸಾಲು ಹಾಕುವುದರಿಂದ ಹಿಗ್ಗುವ ಬಟ್ಟೆಯ ಕೂಡಿಕೆಯನ್ನು ಅದೊಂದೇ ತಡೆದುಕೊಳ್ಳುತ್ತದೆ. ಮನೆಬಳಕೆಯ ನಾಲ್ಕು ದಾರದ ಮಷಿನ್ನಿನಲ್ಲಿ ಬಲ ಸೂಜಿ ತೆಗೆದರೆ ಮೂರು ದಾರದ ಅಗಲ ಹೊಲಿಗೆ, ಎಡ ಸೂಜಿ ತೆಗೆದರೆ ಮೂರು ದಾರದ ಕಿರಿದು ಹೊಲಿಗೆ. ಒಂದರಲ್ಲೇ ಮೂರೂ ಸಿಗುವಾಗ ಮೂರು ದಾರದ್ದನ್ನಷ್ಟೇ ಕೊಳ್ಳುವುದರಲ್ಲಿ ಅರ್ಥವಿಲ್ಲ. ಮನೆಗೆ ಒಂದೇ ಮಷಿನ್ ಎಂದಾದರೆ ಅದು ಮೂರು-ನಾಲ್ಕು ದಾರದ್ದಾಗಿರಲಿ.

ಎರಡು ದಾರದ ಹೊಲಿಗೆ ತೆಳು ರೇಷ್ಮೆ, ಶಿಫಾನಿನ ಅಂಚಿಗೆ ಹಗುರವಾಗಿ ಕೂರುತ್ತದೆ. ಮೇಲಿನ ಲೂಪರಿನ ಕಣ್ಣನ್ನು ಮುಚ್ಚುವ ಪುಟ್ಟ ಕ್ಲಿಪ್ ಒಂದಿದ್ದರೆ ಇದು ಸಾಧ್ಯ. ಇದ್ದರೆ ಒಳ್ಳೆಯದು, ಇಲ್ಲವೆಂದು ಮಷಿನ್ ಬಿಡಬೇಕಿಲ್ಲ.

ಐದು ದಾರದ, ಕವರ್ ಸ್ಟಿಚ್ (ಟಿ-ಶರ್ಟಿನ ಕೆಳಗಿನ ಮಡಿಕೆಗೆ ಹಾಕುವ ಜೋಡಿಸಾಲು ಹೊಲಿಗೆ) ಕೂಡ ಇರುವ ಜಂಟಿ ಮಷಿನ್ ನೋಡಲು ಆಕರ್ಷಕ. ಓವರ್‌ಲಾಕಿನಿಂದ ಕವರ್ ಸ್ಟಿಚ್ಚಿಗೆ ಹೋಗಬೇಕಾದರೆ ಸೂಜಿಗಳ ಜಾಗ ಬದಲಿಸಿ, ಮೇಲಿನ ಲೂಪರನ್ನು ಕಳಚಿಟ್ಟು, ಚಾಕುವನ್ನು ಕೆಳಗಿಳಿಸಿ, ಬಲಗಡೆಗೆ ಬೇರೆ ತಟ್ಟೆ ಹಾಕಿ, ಬೇರೆ ಲೂಪರಿಗೆ ದಾರ ಪೋಣಿಸಬೇಕು. ಒಂದು ಟಿ-ಶರ್ಟಿನ ಪಕ್ಕ ಹೊಲಿದು ಕೆಳಗಿನ ಮಡಿಕೆ ಹಾಕುವ ನಡುವೆ ಇಷ್ಟೂ ಆಗಬೇಕು, ಮುಂದಿನ ಟಿ-ಶರ್ಟಿಗೆ ಮತ್ತೆ ಹಿಂದಕ್ಕೆ. ಐದಾರು ಬಟ್ಟೆಯ ಪಕ್ಕಗಳನ್ನೆಲ್ಲ ಒಟ್ಟಿಗೆ ಹೊಲಿದು, ಆಮೇಲೆ ಮಡಿಕೆಗಳನ್ನೆಲ್ಲ ಒಟ್ಟಿಗೆ ಹಾಕುವ ಶಿಸ್ತು ಇರುವವರಿಗೆ ಇದು ಹೊಂದುತ್ತದೆ. ಉಳಿದವರಿಗೆ ನಾಲ್ಕು ದಾರದ ಮಷಿನ್, ಮಡಿಕೆಗೆ ಮಾಮೂಲಿ ಯಂತ್ರದಲ್ಲಿ ಜೋಡಿ ಸೂಜಿ ಸಾಕು.

ಕಾರ್ಖಾನೆಯ ಮಷಿನ್ ಮನೆಗೆ ತಂದರೆ?

ಮನೆಬಳಕೆಯ ಓವರ್‌ಲಾಕ್ ನಿಮಿಷಕ್ಕೆ ಸುಮಾರು 1300ರಿಂದ 1500 ಹೊಲಿಗೆ ಹಾಕುತ್ತದೆ. ಕಾರ್ಖಾನೆಯದು 5000 ದಾಟುತ್ತದೆ, ಎಣ್ಣೆಯನ್ನು ತಳದ ತೊಟ್ಟಿಯಿಂದ ತಾನೇ ಎಳೆದುಕೊಳ್ಳುತ್ತದೆ, ದಪ್ಪ ಮಡಿಕೆಗೆ ಬಗ್ಗುವುದಿಲ್ಲ. ಆದರೆ ಅದಕ್ಕೆ ಸ್ವಂತ ಮೇಜು, ಮೋಟಾರು ಬೇಕು. ಹೊಲಿಗೆಯ ಅಗಲ ಬದಲಿಸಲು ಬಹಳಷ್ಟರಲ್ಲಿ ಸೂಜಿ ಪ್ಲೇಟನ್ನೇ ಬದಲಿಸಬೇಕು. ದಿನವಿಡೀ ಒಂದೇ ಬಗೆಯ ಕೆಲಸಕ್ಕೆ ಇದನ್ನು ಮೀರಿದ್ದಿಲ್ಲ. ದಿನಕ್ಕೊಂದು ಬಗೆಯ ಬಟ್ಟೆ ಹೊಲಿಯುವ ಮನೆಗೆ ಹೊರೆ.

ಇವೆರಡರ ನಡುವೆ, ಒಂದು ಸೂಜಿ ಮೂರು ದಾರದ, ಲೂಪರುಗಳು ಹೊರಗೇ ಕಾಣುವ ಸಣ್ಣ ಮಷಿನ್‌ಗಳಿವೆ. ರಚನೆ ಸರಳ, ಬಿಡಿಭಾಗ ಸುಲಭ. ಆದರೆ ಅನೇಕವುಗಳಲ್ಲಿ ಡಿಫರೆನ್ಷಿಯಲ್ ಫೀಡ್ (ಬಟ್ಟೆ ಉಬ್ಬದಂತೆ, ಸುಕ್ಕಾಗದಂತೆ ಎಳೆತ ಹೊಂದಿಸುವ ಏರ್ಪಾಡು) ಇಲ್ಲ, ಎಣ್ಣೆಯನ್ನು ಕೈಯಿಂದ ಆಗಾಗ ಬಿಡುತ್ತಿರಬೇಕು. ನೇಯ್ದ ಬಟ್ಟೆಯ ಅಂಚಷ್ಟೇ ಕಟ್ಟುವವರಿಗೆ ಇದು ಒಳ್ಳೆಯ ಆಯ್ಕೆ. ಹೊಸೈರಿ ಹೊಲಿಯುವವರು ದೂರವಿರುವುದು ಮೇಲು.

ಡಿಫರೆನ್ಷಿಯಲ್ ಫೀಡ್: ಇದರಲ್ಲಿ ರಾಜಿ ಬೇಡ

ಫುಟ್ಟಿನ ಕೆಳಗೆ ಬಟ್ಟೆ ಎಳೆಯುವ ಹಲ್ಲುಗಳು ಮುಂದೆ, ಹಿಂದೆ ಎಂದು ಎರಡು ಜೊತೆ. ಎರಡೂ ಒಂದೇ ವೇಗದಲ್ಲಿ ಓಡಿದರೆ ಗುಂಡಿಯ ಅಂಕಿ 1. ಮುಂದಿನದು ಹೆಚ್ಚು ಎಳೆದರೆ 2ರವರೆಗೆ ಏರುತ್ತದೆ, ಕಡಿಮೆ ಎಳೆದರೆ ಸಾಮಾನ್ಯವಾಗಿ 0.7ರವರೆಗೆ ಇಳಿಯುತ್ತದೆ. ಹೊಸೈರಿಯ ಅಂಚು ಅಲೆಅಲೆಯಾಗಿ ಉಬ್ಬಿದರೆ ಅಂಕಿ ಏರಿಸಬೇಕು. ತೆಳು ಬಟ್ಟೆ ಸುಕ್ಕುಗಟ್ಟಿದರೆ 0.7–0.8ಕ್ಕೆ ಇಳಿಸಬೇಕು.

ಕಣ್ಣಂದಾಜಿಗಿಂತ ಅಳೆದು ನೋಡುವುದು ಒಳ್ಳೆಯದು. ಹೊಲಿಯಲಿರುವ ಬಟ್ಟೆಯದೇ ಚೂರಿನ ಮೇಲೆ 10 ಸೆಂ.ಮೀ. ಅಂತರದಲ್ಲಿ ಎರಡು ಗುರುತು ಹಾಕಿ, ಎರಡು ಪದರ ಮಾಡಿ, ಹಿಗ್ಗುವ ದಿಕ್ಕಿನಲ್ಲಿ ಹೊಲಿಯಿರಿ. ಅಂತರ 11 ಸೆಂ.ಮೀ. ಆಗಿದ್ದರೆ ಬಟ್ಟೆ ಎಳೆದುಹೋಗಿದೆ, 1.3ಕ್ಕೆ ಇಟ್ಟು ಮತ್ತೆ ನೋಡಿ. ಟಿ-ಶರ್ಟ್ ಬಟ್ಟೆ ಸಾಮಾನ್ಯವಾಗಿ 1.3–1.5ರಲ್ಲಿ ಸರಿಹೋಗುತ್ತದೆ. ತೋಳಿನ ತುದಿ, ಕೊರಳಿಗೆ ಹಾಕುವ ರಿಬ್ ಬಟ್ಟೆ ಇನ್ನೂ ಹೆಚ್ಚು ಬೇಡಬಹುದು. ಬಟ್ಟೆಯನ್ನು ಹಿಂದಿನಿಂದ ಕೈಯಲ್ಲಿ ಎಳೆದು ಈ ಕೆಲಸ ಮಾಡಲು ಹೋಗಬೇಡಿ. ಸೂಜಿ ಬಗ್ಗಿ ಲೂಪರಿಗೆ ತಾಗುತ್ತದೆ, ಲೂಪರಿನ ತುದಿಗೆ ಬಿದ್ದ ಗೀರು ಮುಂದೆ ದಾರ ಕಡಿಯುತ್ತಲೇ ಇರುತ್ತದೆ.

ದಾರ ಪೋಣಿಸುವುದು: ಕೈಯಿಂದಲೋ ಗಾಳಿಯಿಂದಲೋ

ಓವರ್‌ಲಾಕ್ ಕಲಿಯುವುದೆಂದರೆ ಮುಕ್ಕಾಲು ಪಾಲು ಇದೇ. ಕೈಯಿಂದ ಪೋಣಿಸುವ ಮಷಿನ್ನಿನಲ್ಲಿ ಕ್ರಮ ಹೀಗೆ: ಮೇಲಿನ ಲೂಪರ್, ಕೆಳಗಿನ ಲೂಪರ್, ಬಲ ಸೂಜಿ, ಎಡ ಸೂಜಿ. ನಿಮ್ಮ ಮಷಿನ್ನಿನ ಕೈಪಿಡಿ ಬೇರೆ ಕ್ರಮ ಹೇಳಿದರೆ ಅದರಂತೆ ಮಾಡಿ. ಆದರೆ ಸೂಜಿಗಳು ಕೊನೆಗೆ ಎಂಬುದು ಬದಲಾಗದು.

ಅದಕ್ಕೆ ಕಾರಣವಿದೆ. ಹೊಲಿಯುತ್ತಿರುವಾಗ ಕೆಳ ಲೂಪರಿನ ದಾರವೊಂದೇ ಕಡಿಯಿತೆನ್ನಿ. ಆ ಕ್ಷಣದಲ್ಲಿ ಸೂಜಿಯ ದಾರ ಲೂಪರಿನ ಮೈಮೇಲೆ ಸುತ್ತಿಕೊಂಡಿರುತ್ತದೆ. ಅದನ್ನು ಹಾಗೇ ಬಿಟ್ಟು ಲೂಪರಿಗೆ ಹೊಸ ದಾರ ಪೋಣಿಸಿದರೆ ಎರಡು ದಾರಗಳು ತಪ್ಪು ಕಡೆ ಸಿಕ್ಕಿಕೊಂಡು, ನಾಲ್ಕು ಹೊಲಿಗೆ ಬೀಳುವಷ್ಟರಲ್ಲಿ ಮತ್ತೆ ಕಡಿಯುತ್ತದೆ. ಕಲಿಯುವವರು ಒಂದೇ ದಾರವನ್ನು ಹತ್ತು ಸಲ ಪೋಣಿಸಿ ಕೈಚೆಲ್ಲುವುದು ಇಲ್ಲೇ. ಮಾಡಬೇಕಾದದ್ದು ಇಷ್ಟು: ಸೂಜಿಗಳ ದಾರವನ್ನು ಕತ್ತರಿಸಿ ಸೂಜಿಯ ಕಣ್ಣಿನಿಂದ ಹೊರಗೆ ಎಳೆಯಿರಿ. ಕೈಚಕ್ರವನ್ನು ನಿಮ್ಮ ಕಡೆಗೆ ತಿರುಗಿಸುತ್ತ ಕೆಳ ಲೂಪರ್ ಪೂರ್ತಿ ಬಲಕ್ಕೆ ಬರುವಂತೆ ಮಾಡಿ. ಬಣ್ಣದ ಗುರುತಿನ ದಾರಿಯಲ್ಲೇ ದಾರವನ್ನು ತಂದು, ಎಡಗಡೆಯ ಕೊಕ್ಕೆಗೆ ಹಾಕಿ, ಚಿಮುಟದಿಂದ ಲೂಪರಿನ ಕಣ್ಣಿಗೆ ಪೋಣಿಸಿ. 10 ಸೆಂ.ಮೀ. ತುದಿಯನ್ನು ಪ್ಲೇಟಿನ ಮೇಲೆ, ಫುಟ್ಟಿನ ಕೆಳಗಿಂದ ಹಿಂದಕ್ಕೆ ಬಿಡಿ. ಆಮೇಲೆ ಸೂಜಿಗಳು.

ಪೋಣಿಸುವಾಗ ಫುಟ್ ಮೇಲೆ ಎತ್ತಿರಲಿ. ಬಹುಪಾಲು ಮಷಿನ್‌ಗಳಲ್ಲಿ ಆಗ ಟೆನ್ಷನ್ ತಟ್ಟೆಗಳು, ಅಂದರೆ ದಾರವನ್ನು ಬಿಗಿಯಾಗಿ ಹಿಡಿಯುವ ಬಿಲ್ಲೆಗಳು, ಬಾಯಿ ತೆರೆಯುತ್ತವೆ. ಹಾಗಾಗದ ಮಷಿನ್ನಿನಲ್ಲಿ ಗುಂಡಿಯನ್ನು 0ಗೆ ತಂದು, ದಾರವನ್ನು ಎರಡೂ ಕೈಯಲ್ಲಿ ಹಿಡಿದು ತಟ್ಟೆಗಳ ನಡುವೆ ಗಟ್ಟಿಯಾಗಿ ಎಳೆದು ಕೂರಿಸಿ. ‘ಟೆನ್ಷನ್ ಕೆಟ್ಟಿದೆ’ ಎಂಬ ದೂರಿನಲ್ಲಿ ಹೆಚ್ಚಿನವು ತಟ್ಟೆಯ ಒಳಗೆ ಕೂರದೆ ಹೊರಗೇ ತೇಲುತ್ತಿರುವ ದಾರದ ಕಥೆ.

ಗಾಳಿಯಿಂದ ಪೋಣಿಸುವ ಮಷಿನ್ನಿನಲ್ಲಿ ಲೂಪರಿನ ದಾರದ ತುದಿಯನ್ನು ರಂಧ್ರಕ್ಕೆ ತೂರಿಸಿ ಸನ್ನೆ ಒತ್ತಿದರೆ ದಾರ ಕೊಳವೆಯೊಳಗೆ ಹರಿದು ಲೂಪರಿನ ತುದಿಯಲ್ಲಿ ಹೊರಬರುತ್ತದೆ. ಸೂಜಿಗೆ ಮಾತ್ರ ಕೈಯಿಂದಲೇ, ಇಲ್ಲವೇ ಬೇರೆ ಸನ್ನೆಯಿಂದ ಪೋಣಿಸಬೇಕು. ಕಣ್ಣು ಮಂಜಾದವರಿಗೆ, ಬೆರಳು ನಡುಗುವವರಿಗೆ, ದಿನಕ್ಕೆ ಮೂರು ಬಣ್ಣ ಬದಲಿಸುವವರಿಗೆ ಇದು ನಿಜವಾದ ಉಪಕಾರ. ಹೆಚ್ಚು ದುಡ್ಡು ಕೊಡುವುದಾದರೆ ಹೊಲಿಗೆಯ ಬಗೆಗಳಿಗಿಂತ ಇದಕ್ಕೆ ಕೊಡುವುದು ಸರಿ. ಒರಟು ನೂಲು, ಉಣ್ಣೆಯಂಥ ದಪ್ಪ ಅಲಂಕಾರದ ದಾರ ಕೊಳವೆಯಲ್ಲಿ ಸಿಕ್ಕಿಕೊಳ್ಳಬಹುದು. ಅಂಥದ್ದನ್ನು ತೆಳು ದಾರದ ಕುಣಿಕೆಗೆ ಸಿಕ್ಕಿಸಿ ಎಳೆದುಕೊಳ್ಳಬೇಕು.

ಬಣ್ಣ ಬದಲಿಸುವಾಗ ಪ್ರತಿಸಲ ಮೊದಲಿಂದ ಪೋಣಿಸಬೇಕಿಲ್ಲ. ಹಳೆಯ ದಾರವನ್ನು ಕೋನಿನ (ದೊಡ್ಡ ದಾರದುಂಡೆ) ಹತ್ತಿರ ಕತ್ತರಿಸಿ, ಹೊಸದನ್ನು ಸಣ್ಣ ಗಂಟಿನಿಂದ ಕಟ್ಟಿ, ಟೆನ್ಷನ್ 0 ಮಾಡಿ ಎಳೆಯಿರಿ. ಗಂಟು ಲೂಪರಿನ ಕಣ್ಣು ದಾಟುತ್ತದೆ, ಸೂಜಿಯ ಕಣ್ಣು ದಾಟುವುದಿಲ್ಲ. ಸೂಜಿಯ ಮುಂದೆ ಬಂದಾಗ ಗಂಟು ಕತ್ತರಿಸಿ ಕೈಯಿಂದ ಪೋಣಿಸಿ. ಈ ಉಪಾಯ ತಿಳಿದಿದ್ದರೂ ಪೂರ್ತಿ ಪೋಣಿಸುವುದನ್ನು ಕಲಿಯಲೇಬೇಕು, ಏಕೆಂದರೆ ಕಡಿದ ದಾರಕ್ಕೆ ಗಂಟು ಹಾಕಲು ತುದಿಯೇ ಸಿಗುವುದಿಲ್ಲ.

ಮೊದಲ ವಾರದ ಅಭ್ಯಾಸ

ನಾಲ್ಕೂ ಕಡೆ ನಾಲ್ಕು ಬಣ್ಣದ ದಾರ ಹಾಕಿ. ಹೊಲಿಗೆಯ ಉದ್ದ 2.5 ಮಿ.ಮೀ., ಟೆನ್ಷನ್ ಎಲ್ಲ ಕೈಪಿಡಿಯ ನಡು ಅಂಕಿಯಲ್ಲಿ ಇಟ್ಟು, 15 ಸೆಂ.ಮೀ. ಚೂರಿನ ಎರಡು ಪದರಗಳ ಮೇಲೆ ಹೊಲಿದು ನೋಡಿ. ಸರಿಯಾದ ಹೊಲಿಗೆಯಲ್ಲಿ ಎರಡೂ ಲೂಪರುಗಳ ದಾರ ಕತ್ತರಿಸಿದ ಅಂಚಿನ ಮೇಲೆಯೇ ಕೈಕುಲುಕುತ್ತವೆ. ಕೆಳ ಲೂಪರಿನ ಬಣ್ಣ ಮೇಲ್ಗಡೆಗೆ ಇಣುಕಿದರೆ ಮೇಲಿನದು ಬಿಗಿ ಅಥವಾ ಕೆಳಗಿನದು ಸಡಿಲ. ಮೇಲಿನ ಬಣ್ಣ ಅಡಿಗೆ ಸುತ್ತಿದರೆ ಇದಕ್ಕೆ ತಿರುವುಮುರುವು. ಸೂಜಿ ದಾರದ ಕುಣಿಕೆಗಳು ಅಡಿಯಲ್ಲಿ ಸಾಲಾಗಿ ಕಂಡರೆ ಆ ಸೂಜಿಯ ಟೆನ್ಷನ್ ಸಡಿಲ. ಒಂದು ಸಲಕ್ಕೆ ಒಂದೇ ಗುಂಡಿ, ಅದೂ ಅರ್ಧ ಅಂಕಿಯಷ್ಟು ತಿರುಗಿಸಿ. ಎರಡನ್ನು ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯದು.

ಟೆನ್ಷನ್ ಸರಿಯಿದ್ದೂ ಹೊಲಿಗೆಯೊಳಗೆ ಬಟ್ಟೆ ಸುರುಳಿ ಸುತ್ತಿಕೊಂಡರೆ ಚಾಕು ಬಟ್ಟೆಯನ್ನು ಹೆಚ್ಚು ಅಗಲ ಉಳಿಸಿದೆ ಎಂದರ್ಥ, ಕತ್ತರಿಸುವ ಅಗಲವನ್ನು ಕಡಿಮೆ ಮಾಡಿ. ಅಂಚಿನಾಚೆ ಕುಣಿಕೆಗಳು ಜೋತುಬಿದ್ದರೆ ಹೆಚ್ಚಿಸಿ.

ರೋಲ್ಡ್ ಹೆಮ್ಮಿಗೆ (ಅಂಚನ್ನು ಸುರುಳಿ ಸುತ್ತಿ ಹೊಲಿಯುವ ಸಣ್ಣ ಮಡಿಕೆ) ಎಡ ಸೂಜಿ ತೆಗೆದು, ಹೊಲಿಗೆ ಸುತ್ತಿಕೊಳ್ಳುವ ಸಣ್ಣ ಕಡ್ಡಿಯನ್ನು ಹಿಂದೆ ಸರಿಸಿ, ಉದ್ದವನ್ನು 1–1.5 ಮಿ.ಮೀ.ಗೆ ಇಳಿಸಿ, ಕೆಳ ಲೂಪರನ್ನು ಚೆನ್ನಾಗಿ ಬಿಗಿಮಾಡಬೇಕು. ಕೆಲಸ ಮುಗಿದ ಮೇಲೆ ಕಡ್ಡಿಯನ್ನು ಮರಳಿ ಮುಂದೆ ತರಲು ಮರೆಯುವವರೇ ಹೆಚ್ಚು. ಮರುದಿನ ಮಾಮೂಲಿ ಹೊಲಿಗೆ ಮುದುಡಿ ಬಂದರೆ ಮೊದಲು ಅಲ್ಲಿ ನೋಡಿ.

ದಾರದ ಲೆಕ್ಕವೂ ಮೊದಲೇ ತಿಳಿದಿರಲಿ. ಮಾಮೂಲಿ ಹೊಲಿಗೆ ಮೀಟರಿಗೆ ಎರಡೂವರೆ ಮೀಟರ್ ಆಸುಪಾಸು ದಾರ ತಿಂದರೆ, ಮೂರು ದಾರದ ಓವರ್‌ಲಾಕ್ ಸುಮಾರು 14 ಮೀಟರ್, ನಾಲ್ಕು ದಾರದ್ದು 18ರ ಹತ್ತಿರ. ಸಣ್ಣ ರೀಲುಗಳಿಂದ ಆಗದು, ಕೋನುಗಳೇ ಬೇಕು. ನಾಲ್ಕೂ ಬಟ್ಟೆಯ ಬಣ್ಣಕ್ಕೆ ಹೊಂದಬೇಕೆಂದಿಲ್ಲ. ಕೂಡಿಕೆಯನ್ನು ಎಳೆದಾಗ ಹೊರಗೆ ಕಾಣುವುದು ಎಡ ಸೂಜಿಯ ದಾರ, ಅದೊಂದು ಹೊಂದಿದರೆ ಸಾಕು. ನಯವಾದ ಪಾಲಿಯೆಸ್ಟರ್ ದಾರ ಆರಿಸಿ. ಬೆಳಕಿಗೆ ಹಿಡಿದಾಗ ರೋಮ ರೋಮವಾಗಿ ಕಾಣುವ ದಾರ ಲೂಪರಿನಲ್ಲಿ ಕಡಿಯುತ್ತದೆ, ಮಷಿನ್ ತುಂಬ ಧೂಳು ಬಿಡುತ್ತದೆ.

ಸೂಜಿ, ಚಾಕು, ಎಣ್ಣೆ

ಕೊಳ್ಳುವ ಮೊದಲು ಸೂಜಿಯ ಬಗೆ ಕೇಳಿ. ಮಾಮೂಲಿ ಯಂತ್ರದ 130/705 ಎಚ್ ಸೂಜಿಯನ್ನೇ ತೆಗೆದುಕೊಳ್ಳುವ ಮಷಿನ್ ಆದರೆ ಜೀವನ ಸುಲಭ. ಕೆಲವು ಮಷಿನ್‌ಗಳಿಗೆ ಇಎಲ್‌ಎಕ್ಸ್ 705 ಬೇಕು. ಅದರ ಹಿಂಭಾಗದಲ್ಲೂ ತೋಡು ಇರುತ್ತದೆ. ಕಾರ್ಖಾನೆಯ ಮಷಿನ್‌ಗಳಲ್ಲಿ ಡಿಸಿಎಕ್ಸ್ 1ರಂತಹ ಗುಂಡು ಬುಡದ ಸೂಜಿ. ಒಂದರ ಬದಲು ಇನ್ನೊಂದು ಹಾಕಿದರೆ ಹೊಲಿಗೆ ಬಿಡುತ್ತದೆ, ಲೂಪರಿಗೂ ಅಪಾಯ. ಮನೆಯ ಕೆಲಸಕ್ಕೆ 80 ಅಥವಾ 90 ನಂಬರ್ ಸಾಕು. ಎಂಟು ಗಂಟೆ ಹೊಲಿದ ಮೇಲೆ ಎರಡನ್ನೂ ಒಟ್ಟಿಗೆ ಬದಲಿಸಿ. ಸೂಜಿಯ ಚಪ್ಪಟೆ ಭಾಗ ಹಿಂದಕ್ಕಿರಲಿ, ತಡೆಯುವವರೆಗೆ ಮೇಲಕ್ಕೆ ತಳ್ಳಿ. ಹಾಕಿದ ಮೇಲೆ ಬಲ ಸೂಜಿ ಎಡಕ್ಕಿಂತ ತುಸು ಕೆಳಗೆ ಕಾಣುತ್ತದೆ, ಅದು ಸರಿಯೇ. ಬಿಚ್ಚುವಾಗ ಲೂಪರುಗಳ ಮೇಲೆ ಒಂದು ಕಾಗದ ಹಾಸಿ, ಸೂಜಿ ಒಳಗೆ ಬಿದ್ದರೆ ತೆಗೆಯುವುದು ಸುಲಭವಲ್ಲ.

ಚಾಕುಗಳಲ್ಲಿ ಕೆಳಗಿನದು ಕದಲದೆ ನಿಂತಿರುತ್ತದೆ. ಸಾಮಾನ್ಯವಾಗಿ ಮೇಲಿನದಕ್ಕಿಂತ ಮೆದು ಲೋಹದ್ದು, ಮೊದಲು ಸವೆಯುವುದೂ ಅದೇ. ಕತ್ತರಿಸಿದ ಅಂಚು ಇಲಿ ಕಚ್ಚಿದಂತೆ ಕಂಡರೆ, ಹೊಲಿಗೆಯಾಚೆ ಎಳೆಗಳು ಮೀಸೆಯಂತೆ ನಿಂತರೆ ಚಾಕು ನೋಡುವ ಸಮಯ. ಪ್ಲಗ್ ಕಿತ್ತು, ಚಾಕುವಿನ ತಿರುಪು ಸಡಿಲಿಸಿ ಹಳೆಯದನ್ನು ಕೆಳಕ್ಕೆ ಎಳೆಯಿರಿ. ಹೊಸದರ ಮೇಲಂಚು ಸೂಜಿ ಪ್ಲೇಟಿನ ಮಟ್ಟಕ್ಕೆ ಸಮನಾಗಿ ಕೂರಬೇಕು. ಬೆರಳು ಸವರದೆ, ಪ್ಲೇಟಿನ ಮೇಲೆ ಅಳತೆಪಟ್ಟಿ ಅಡ್ಡ ಇಟ್ಟು ನೋಡಿ. ತಿರುಪು ಬಿಗಿಮಾಡಿ, ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ ಒಂದೇ ಎಳೆ ದಾರವನ್ನು ಚಾಕುಗಳ ನಡುವೆ ಹಿಡಿಯಿರಿ. ಎಳೆ ಮಡಿಚಿಕೊಳ್ಳದೆ ತುಂಡಾದರೆ ಕೂರಿಸಿದ್ದು ಸರಿಯಾಗಿದೆ.

ಚಾಕುವಿನ ದೊಡ್ಡ ಶತ್ರು ಗುಂಡುಪಿನ್ನು. ಅಂಚಿಗೆ ಸಮಾನಾಂತರವಾಗಿ ಎರಡೂವರೆ ಸೆಂ.ಮೀ. ಒಳಗೆ ಚುಚ್ಚಿ, ಇಲ್ಲವೇ ಕ್ಲಿಪ್ ಬಳಸಿ ಫುಟ್ಟಿನ ಮುಂದೆ ಬಂದಾಗ ತೆಗೆಯಿರಿ. ಒಂದೇ ಒಂದು ಪಿನ್ನು ಎರಡೂ ಚಾಕುಗಳಿಗೆ ಹಲ್ಲು ಬೀಳಿಸಬಲ್ಲದು.

ಕತ್ತರಿಸುವ ಯಂತ್ರವಾದ್ದರಿಂದ ಧೂಳು ಬಹಳ. ಪ್ರತಿ ಬಟ್ಟೆ ಮುಗಿದ ಮೇಲೆ ಬ್ರಷ್ಷಿನಿಂದ ಲೂಪರುಗಳ ಸುತ್ತ, ಚಾಕುವಿನ ಸಂದಿ, ಹಲ್ಲುಗಳ ನಡುವೆ ಗುಡಿಸಿ. ಊದಿ ತೆಗೆಯಬೇಡಿ, ಧೂಳು ಇನ್ನೂ ಒಳಗೆ ಹೋಗುತ್ತದೆ. ಸಣ್ಣ ಮೂತಿಯ ವ್ಯಾಕ್ಯೂಮ್ ಇದ್ದರೆ ಉತ್ತಮ. ಎಣ್ಣೆ ಹೊಲಿಗೆ ಯಂತ್ರದ್ದೇ ಆಗಿರಲಿ, ಕೈಪಿಡಿ ತೋರಿಸಿದ ಕಡೆ ಒಂದೊಂದೇ ಹನಿ. ಅಡುಗೆ ಎಣ್ಣೆ, ತಲೆಗೆ ಹಚ್ಚುವ ಎಣ್ಣೆ ಅಂಟಾಗಿ ಮಷಿನ್ನನ್ನೇ ಹಿಡಿದುಹಾಕುತ್ತದೆ. ಮನೆಯಲ್ಲಿ ಎಣ್ಣೆ ಬಿಡಬೇಕಿಲ್ಲದ ಮಾದರಿಗಳೂ ಇವೆ, ಅವುಗಳಿಗೆ ಬಿಡಬೇಡಿ. ಎಣ್ಣೆ ಬಿಟ್ಟ ಮೇಲೆ ಹಳೆಯ ಚೂರಿನ ಮೇಲೆ ಒಂದು ನಿಮಿಷ ಓಡಿಸಿ, ಆಮೇಲೆ ಒಳ್ಳೆಯ ಬಟ್ಟೆ ಹಿಡಿಯಿರಿ.

ಕೊಳ್ಳುವ ದಿನ

ಹೊಸದಾಗಲಿ ಹಳೆಯದಾಗಲಿ, ನಿಮ್ಮದೇ ಚೂರುಗಳನ್ನು ಜೊತೆಗೆ ಒಯ್ಯಿರಿ: ಶಿಫಾನ್, ಟಿ-ಶರ್ಟ್ ಬಟ್ಟೆ, ನಾಲ್ಕು ಪದರದ ಜೀನ್ಸ್. ಮಾರುವವರು ತೋರಿಸುವ ಗರಿಗರಿ ಬಿಳಿ ಹತ್ತಿ ಬಟ್ಟೆಯ ಮೇಲೆ ಎಲ್ಲ ಮಷಿನ್ನೂ ಚೆನ್ನಾಗಿಯೇ ಹೊಲಿಯುತ್ತದೆ. ದಾರವನ್ನೆಲ್ಲ ತೆಗೆಸಿ, ನೀವೇ ಪೋಣಿಸಿ ನೋಡಿ. ಮೊದಲ ಸಲ ಅರ್ಧ ಗಂಟೆ ಹಿಡಿದರೂ ಚಿಂತೆಯಿಲ್ಲ. ಕೆಳ ಲೂಪರಿನ ಕೊಕ್ಕೆ ಕಣ್ಣಿಗೆ ಕಾಣುತ್ತದೆಯೇ, ಚಿಮುಟ ಅಲ್ಲಿಗೆ ಹೋಗುತ್ತದೆಯೇ ಎಂಬುದನ್ನು ಗಮನಿಸಿ.

ಹಳೆಯದಾದರೆ ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ. ಒಂದೇ ಜಾಗದಲ್ಲಿ ಪ್ರತಿಸಲ ಬಿಗಿಯಾದರೆ ಅಥವಾ ಲೋಹಕ್ಕೆ ಲೋಹ ತಾಗುವ ಸದ್ದು ಬಂದರೆ ಲೂಪರ್ ಜಾಗ ತಪ್ಪಿರುವ ಸಂಭವ ಹೆಚ್ಚು, ಅದು ಮನೆಯಲ್ಲಿ ಸರಿಪಡಿಸುವ ಕೆಲಸವಲ್ಲ. ನೈಲಾನ್ ದಾರದ ತುಂಡನ್ನು ಲೂಪರಿನ ತುದಿಗೆ ಸವರಿ. ಸಿಕ್ಕಿಕೊಂಡರೆ ಅಲ್ಲಿ ಗೀರಿದೆ. ಡಿಫರೆನ್ಷಿಯಲ್ ಗುಂಡಿಯನ್ನು 0.7ರಿಂದ 2ಕ್ಕೆ ತಿರುಗಿಸಿ ಹೊಸೈರಿಯ ಮೇಲೆ ಹೊಲಿದು, ಎರಡು ಹೊಲಿಗೆಗಳಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಿದೆಯೇ ನೋಡಿ. ಕೈಪಿಡಿ, ತಿರುಪುಳಿ, ಚಿಮುಟ, ಬಿಡಿ ಚಾಕು ಕೈಗೆ ಬಂದ ಮೇಲೆಯೇ ಹಣ ಎಣಿಸಿ. ಕೈಪಿಡಿ ಕಳೆದಿದ್ದರೆ ಮಷಿನ್ನಿನ ಮುಂಬಾಗಿಲಿನ ಒಳಗಡೆ ಅಂಟಿಸಿರುವ ದಾರದ ನಕ್ಷೆಯನ್ನಾದರೂ ಫೋಟೋ ತೆಗೆದಿಟ್ಟುಕೊಳ್ಳಿ.